ಸಾಹುಕಾರರ ಕಾರಿನ ಏಳನೆಯ ಪಟ್ಟಾ

ರೈಸ್ ಮಿಲ್ಲಿನ ಸಾಹುಕಾರ ಜಂಬಣ್ಣನವರು ತಮ್ಮ ಹಳೆಯ ಕಾರನ್ನು ರಾಯಚೂರಿನ ನನ್ನ ಗ್ಯಾರೇಜಿಗೆ ಎಳೆಸಿಕೊಂಡು ಬಂದ ದಿನವೇ ಜಗಳ ಶುರುವಾಯಿತು.

“ದುರ್ಗಾ, ಹಿಂದಿನ ಬ್ರೇಕ್ ಹಿಡಿಯವಲ್ದು. ಆ ವಾಲ್ವ್ ಕಿತ್ತೊಗದು ಪೈಪ್ ಸೀದಾ ಜೋಡಿಸಿಬಿಡು. ಮೂರು ಮಂದಿ ಮಿಸ್ತ್ರಿ ಅದನ್ನ ಹೇಳ್ಯಾರ.”

“ಹಂಗಾದ್ರ ಅವ್ರ ಕಡೀನ ಒಯ್ರಿ ಸಾಹುಕಾರ್ರ. ನಾ ಕೀಳಂಗಿಲ್ಲ.”

ನನ್ನ ಬಾಯಿಯೇ ಹಾಗೆ, ಗಿರಾಕಿ ಅಂತಲೂ ನೋಡುವುದಿಲ್ಲ. ಆದರೆ ಕಾರಣವಿತ್ತು. ಆ ವಾಲ್ವ್ ಭಾರ ನೋಡಿ ಬ್ರೇಕ್ ಹಂಚುತ್ತದೆ. ಸಾಮಾನು ಹೇರಿ ಕಾರಿನ ಹಿಂಭಾಗ ಕುಗ್ಗಿದರೆ ಅದಕ್ಕೆ ಜೋಡಿಸಿದ ಒಂದು ಸಲಾಕೆ ಅಲ್ಲಾಡಿ ಹಿಂದಿನ ಚಕ್ರಗಳಿಗೆ ಪೂರಾ ಬ್ರೇಕ್ ಸಿಗುತ್ತದೆ. ಖಾಲಿ ಇದ್ದಾಗ ಕಡಿಮೆ. ವಾಲ್ವ್ ಕಿತ್ತರೆ, ಖಾಲಿ ಕಾರಿನ ಹಿಂದಿನ ಚಕ್ರಗಳು ಮೊದಲೇ ಬಿಗಿದುಕೊಂಡು ಕಾರು ಬುಗುರಿಯಂತೆ ತಿರುಗೀತು.

ಇನ್ನೊಂದು ಕಾರಣ ನನ್ನಪ್ಪ ಪಕೀರಪ್ಪ. ಹದಿನೆಂಟು ವರ್ಷದ ಹಿಂದೆ ಅವನು ಈ ಸಾಹುಕಾರರ ಡ್ರೈವರೂ ಮಿಸ್ತ್ರಿಯೂ. ಗೂಗಲ್ ಊರಿನ ಹತ್ತಿರದ ಇಳಿಜಾರಿನಲ್ಲಿ ಇದೇ ಕಾರು, ಹಿಂದೆ ಐದು ಚೀಲ ಅಕ್ಕಿ ಹೊತ್ತುಕೊಂಡು, ನಿಲ್ಲದೆ ಹೋಗಿ ಬೇವಿನ ಮರಕ್ಕೆ ಗುದ್ದಿತು. ಸಾಹುಕಾರರ ಹೆಂಡತಿ ಚನ್ನಮಲ್ಲಮ್ಮನವರ ಕೈ ಮುರಿಯಿತು. ಅದು ಇವತ್ತಿಗೂ ನೆಟ್ಟಗಾಗಿಲ್ಲ. ಪಕೀರಪ್ಪ ತೂಕಡಿಸಿದ ಎಂದು ಸಾಹುಕಾರರು ದೇವದುರ್ಗದಿಂದ ಮಾನ್ವಿಯವರೆಗೆ ಹೇಳಿಕೊಂಡು ಬಂದರು. ಬ್ರೇಕ್ ತುಳಿದಿದ್ದೆ, ತುಳಿದಿದ್ದೆ ಎನ್ನುತ್ತಿದ್ದ ಅಪ್ಪ ಎರಡು ವರ್ಷಕ್ಕೆ ತಾನೂ ಒಪ್ಪಿಕೊಂಡ: “ತೂಕಡಿಸಿರಬೇಕು ಬಿಡವಾ.” ಅಂದಿನಿಂದ ಸ್ಟೇರಿಂಗ್ ಮುಟ್ಟಿಲ್ಲ. ನೆನೆದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಅಪಶಕುನವೆಂದು ಮಿಲ್ಲಿನ ಶೆಡ್ಡಿನಲ್ಲಿ ಮೂಲೆ ಸೇರಿದ್ದ ಕಾರು, ಸಾಹುಕಾರರಿಗೆ ಹಳೆ ಕಾರಿನ ಶೋಕಿ ಹತ್ತಿದ್ದರಿಂದ ಈಗ ಹೊರಬಂದಿತ್ತು. ಅಪ್ಪನ ತಪ್ಪೋ ಕಾರಿನ ತಪ್ಪೋ, ಈ ಸಲ ನೋಡಿಯೇಬಿಡಬೇಕು ಅಂದುಕೊಂಡೆ. ಎಂಟು ದಿನದ ವಾಯಿದೆ ಕೇಳಿದೆ. ಸಾಹುಕಾರರು ಗೊಣಗಿ ಕೊಟ್ಟರು.

ವಾಲ್ವ್ ಬಿಚ್ಚಿ ತೊಳೆದೆ, ರಬ್ಬರು ಬದಲಿಸಿದೆ. ಐದು ಚೀಲ ಹೇರಿ ಮಟಮಾರಿ ರಸ್ತೆಯಲ್ಲಿ ಓಡಿಸಿ ಬ್ರೇಕ್ ತುಳಿದೆ. ಮುಂದಿನ ಚಕ್ರ ಹಿಡಿಯಿತು, ಹಿಂದಿನದು ಕೇಳಲಿಲ್ಲ. ಮತ್ತೆ ಬಿಚ್ಚಿದೆ. ಮತ್ತೆ ಅದೇ. ಆರನೆಯ ದಿನ ಚೀಲಗಳನ್ನು ಇಳಿಸದೆಯೇ ಕಾರಿನಡಿ ಅಂಗಾತ ಮಲಗಿದೆ. ಸಲಾಕೆ ಅಲ್ಲಾಡಿರಲೇ ಇಲ್ಲ. ಅಷ್ಟು ಭಾರ ಬಿದ್ದರೂ ಕಾರು ಕುಗ್ಗಿರಲಿಲ್ಲ. ಪಾಪದ ವಾಲ್ವು ಕಾರು ಖಾಲಿ ಇದೆ ಎಂದೇ ತಿಳಿದಿತ್ತು.

ಭಾರ ಹೊರುವ ಹಿಂದಿನ ಕಮಾನು ಪಟ್ಟಾಗಳನ್ನು, ಅಂದರೆ ಸ್ಪ್ರಿಂಗಿನ ಉಕ್ಕಿನ ಪಟ್ಟಿಗಳನ್ನು, ಎಣಿಸಿದೆ. ಇರಬೇಕಾದದ್ದು ಆರು. ಇದ್ದದ್ದು ಏಳು. ಏಳನೆಯದು ಟ್ರ್ಯಾಕ್ಟರ್ ಟ್ರಾಲಿಯ ದಪ್ಪ ಪಟ್ಟಾ, ಅದರ ತುದಿಯಲ್ಲಿ ಉಳಿಯಿಂದ ಹೊಡೆದ ಮೂರು ಚುಕ್ಕೆ. ತಾನು ಕೆಲಸ ಮಾಡಿದ ಕಬ್ಬಿಣಕ್ಕೆಲ್ಲ ಮೂರು ಚುಕ್ಕೆ ಹೊಡೆಯುವವನು ನಮ್ಮಪ್ಪ. ನಮ್ಮ ಮನೆಯ ಕೊಡಲಿಗೂ ಇದೆ, ರೊಟ್ಟಿ ಹಂಚಿಗೂ ಇದೆ.

ಗ್ರೈಂಡರ್ ಕೈಯಳತೆಯಲ್ಲೇ ಇತ್ತು. ಚುಕ್ಕೆ ಉಜ್ಜಿಬಿಟ್ಟು ವಾಲ್ವ್ ಕೆಟ್ಟಿತ್ತು ಎಂದರೆ ಮುಗಿಯಿತು, ಅಪ್ಪ ಗೆದ್ದ. ಆಸೆಯಾಯಿತು, ಸುಳ್ಳೇಕೆ. ಆದರೆ ಅಪ್ಪ ಪಕ್ಕಾ ಮಿಸ್ತ್ರಿ. ನಾಳೆ ಕಾರಿನಡಿ ಬಗ್ಗಿ ನೋಡಿದರೆ ನನ್ನ ಮುಖ ಎಲ್ಲಿಡಲಿ?

ಮಧ್ಯಾಹ್ನ ಅವನು ಬುತ್ತಿ ತಂದಾಗ ಕೈ ಹಿಡಿದು ಕರೆದೊಯ್ದು ತೋರಿಸಿದೆ. ಸಲಾಕೆಯನ್ನೂ ತೋರಿಸಿದೆ. ಅವನು ಬಗ್ಗಿ ಚುಕ್ಕೆಗಳ ಮೇಲೆ ಬೆರಳಾಡಿಸಿದ.

“ಚೀಲ ಹೇರಿದ್ರ ಹಿಂದ ಕುಸೀತಿತ್ತು ಬೇ. ನಾನ ಹಾಕಿದ್ನಿ. ಶಾಣ್ಯಾತನ ಮಾಡೀನಿ ಅನ್ಕೊಂಡಿದ್ನಿ.”

“ಹೌದು ಯಪ್ಪಾ.”

“ಅಂದ್ರ… ನಾ ಬ್ರೇಕ್ ತುಳಿದಿದ್ನಾ?”

“ತುಳಿದಿದ್ದಿ.”

“ನಿದ್ದಿ ಮಾಡಿರಲಿಲ್ಲ?”

ಇಲ್ಲವೆಂದು ತಲೆಯಾಡಿಸಿದೆ.

ಅಷ್ಟರಲ್ಲಿ ಸಾಹುಕಾರರೇ ಬಂದರು. ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಎದ್ದು ನಿಂತು, ಹೆಗಲ ಮೇಲಿನ ಟವೆಲ್ಲನ್ನೂ ತೆಗೆಯದೆ, ಎಲ್ಲವನ್ನೂ ಬಿಡಿಸಿ ಹೇಳಿದ.

“ಅವ್ವಾರ ಕೈ ಮುರದದ್ದು ನನ್ನ ಕೆಲಸದಿಂದ. ಆ ತಪ್ಪು ಕಬೂಲ್ ಅದ, ಅವ್ರ ಕಾಲಿಗೆ ಬೀಳ್ತೀನಿ. ಆದ್ರ ನಾ ತೂಕಡಿಸಿರಲಿಲ್ಲ ಸಾಹುಕಾರ್ರ. ಇದನ್ನ ದೇವದುರ್ಗದಾಗೂ ಹೇಳ್ರಿ, ಮಾನ್ವಿಯಾಗೂ ಹೇಳ್ರಿ.”

ಸಾಹುಕಾರರು ಟೋಪಿ ತೆಗೆದು ನೆತ್ತಿ ಒರೆಸಿಕೊಂಡರು. “ಹಿಂದ ಎತ್ರ ಮಾಡು ಅಂದಾವ ನಾನ ಅಲ್ಲೇನೋ,” ಎಂದರು ಮೆಲ್ಲಗೆ. “ಹೇಳ್ತೀನಿ ಪಕೀರಪ್ಪ.”

ಪಟ್ಟಾವನ್ನು ಅಪ್ಪನೇ ಬಿಚ್ಚಿದ, ನನ್ನನ್ನು ಮುಟ್ಟಗೊಡಲಿಲ್ಲ. ಸಂಜೆ ಮತ್ತೆ ಅದೇ ಐದು ಚೀಲ, ಸಾಹುಕಾರರು ಮುಂದಿನ ಸೀಟು, ನಾನು ಹಿಂದೆ ಚೀಲಗಳ ಪಕ್ಕ. ಅಪ್ಪ ಸ್ಟೇರಿಂಗ್ ಹಿಡಿದ. ಖಾಲಿ ರಸ್ತೆ ಸಿಕ್ಕಾಗ ಬ್ರೇಕ್ ತುಳಿದ, ನಾಲ್ಕೂ ಚಕ್ರ ಕಚ್ಚಿ ಕಾರು ಗಪ್ಪನೆ ನಿಂತಿತು.

“ಸಾಕು, ಹಿಡೀತದ,” ಎಂದರು ಸಾಹುಕಾರರು.

ಅಪ್ಪನಿಗೆ ಸಾಕಾಗಲಿಲ್ಲ. ಮತ್ತೆ ಓಡಿಸಿ ತುಳಿದ, ಮತ್ತೆ ತುಳಿದ. ಅವನು ಪರೀಕ್ಷೆ ಮಾಡುತ್ತಿದ್ದದ್ದು ಬ್ರೇಕನ್ನಲ್ಲ, ತನ್ನ ಕಾಲನ್ನು. ನಾವಿಬ್ಬರೂ ಸೀಟನ್ನು ಗಟ್ಟಿಯಾಗಿ ಹಿಡಿದುಕೊಂಡು ಕೂತೆವು.