ಹಗಲು ಮಂದೆ

ನಯಾಪೈಸೆ ಬಂದ ಮರುವರ್ಷದ ಸುಗ್ಗಿ ಮುಗಿದು, ದೊಡ್ಡಬೀರಪ್ಪನ ಕುರಿಮಂದೆ ತಾಳಗುಂದದ ಪರಮಶಿವಪ್ಪನವರ ಗದ್ದೆಯಲ್ಲಿ ಬೀಡುಬಿಟ್ಟಿತ್ತು. ಹಗಲು ಕುರಿಗಳು ಮೇದು ಬರುವುದು, ರಾತ್ರಿ ಕೊಯ್ದ ಗದ್ದೆಯಲ್ಲಿ ಮಲಗಿ ಗೊಬ್ಬರ ಹಾಕುವುದು, ಅದಕ್ಕೆ ಗದ್ದೆಯ ಯಜಮಾನರು ಭತ್ತ ಅಳೆಯುವುದು. ಇದು ಅಜ್ಜನ ಕಾಲದಿಂದ ನಡೆದು ಬಂದದ್ದು. ಇಲ್ಲಿಂದ ಮಂದೆ ಸೊರಬದ ಕಡೆಗೆ, ಕುಬಟೂರಿಗೆ ಹೋಗಬೇಕಿತ್ತು. ಮುಂದೆ ಕೋಲು ಹಿಡಿದು ನಡೆಯುವವರು ಯಾರು ಎಂಬುದೇ ಈಗ ಜಗಳವಾಗಿತ್ತು.

ಜಗಳ ಹುಟ್ಟಿದ್ದು ಮರಿಗಳಿಂದ. ಎಳೆಮರಿಗಳನ್ನು ಹಗಲು ಗೂಡಿನಲ್ಲಿ ಕೂಡಿಹಾಕಿ, ಸಂಜೆ ಕುರಿಗಳು ಬಂದಾಗ ಒಂದೊಂದನ್ನೂ ಅದರ ತಾಯಿಗೆ ಬಿಡಬೇಕು. ಬೇರೆ ಮರಿ ಬಂದರೆ ತಾಯಿಕುರಿ ಮೊಲೆ ಕೊಡುವುದಿಲ್ಲ, ಗುದ್ದಿ ಕೆಡವುತ್ತದೆ. ಕೂಗು ಕೇಳಿಯೇ ಇದು ಯಾರ ಮರಿ ಎನ್ನುತ್ತಿದ್ದ ದೊಡ್ಡಬೀರಪ್ಪ ಈಚೆಗೆ ಮರಿಗಳನ್ನು ಅದಲುಬದಲು ಮಾಡುತ್ತಿದ್ದ. ಹಾಲಿಲ್ಲದೆ ಮರಿಗಳು ಬಡಕಲಾಗುತ್ತಿದ್ದವು.

“ಅಣ್ಣಂಗೆ ಗಾಳಿ ಸೋಕೈತೆ, ಅತ್ಗೆ. ಸೊರಬದ ಕಡೆ ಮಂತ್ರ ಹಾಕೋನು ಒಬ್ಬ ಅದಾನೆ, ತೋರಿಸಾಣ. ಕೋಲು ನನ್ ಕೈಗೆ ಕೊಡ್ಸು,” ಎಂದ ತಮ್ಮ ಲೋಕಪ್ಪ.

ಅಣ್ಣನ ಮೇಲೆ ಅವನಿಗೆ ಪ್ರೀತಿ ಇರಲಿಲ್ಲವೆಂದಲ್ಲ. ಕೋಲಿನ ಮೇಲೆ ಅದಕ್ಕಿಂತ ತುಸು ಹೆಚ್ಚು ಇತ್ತು, ಅಷ್ಟೆ. ಅತ್ತಿಗೆ ಗುತ್ಯಮ್ಮನಿಗೆ ಅದು ಗೊತ್ತಿಲ್ಲದ್ದೇನೂ ಅಲ್ಲ.

“ಗಾಳಿನೂ ಇಲ್ಲ, ಧೂಳೂ ಇಲ್ಲ. ಮಳೆಗಾಲದಾಗೆ ತೋಳ ಬಂದು ನಾಯಿನೂ ಕುರಿನೂ ಎತ್ಕೊಂಡು ಹೋಯ್ತಲ್ಲ, ಅವತ್ತು ಪಾಳಿ ನಿಮ್ಮಣ್ಣಂದು. ಆಮೇಲೆ ಅವ್ರು ರಾತ್ರಿ ಕಣ್ಣು ಮುಚ್ಚಿದ್ದು ನೋಡೀಯೇನು? ಎಲೆ ಬಿದ್ರೂ ಬೆಚ್ಚಿ ಬೀಳ್ತಾರೆ. ಉಂಡಿದ್ದು ನೆನಪಿರಲ್ಲ. ತಲೆ ಅಂದ್ರೆ ಹಟ್ಟಿ ಇದ್ದಂಗೆ ಕಣೋ. ಬಾಗ್ಲಾಗೆ ಹಗಲೂ ರಾತ್ರಿ ತೋಳ ಕೂತಿದ್ರೆ ಯಾವ ಕುರಿ ಒಳಕ್ಕೆ ಬಂದಾತು? ನೆನಪು ಎಲ್ಲೂ ಹೋಗಿಲ್ಲ. ಹೊರಗೇ ನಿಂತೈತೆ.”

“ಹಂಗಾದ್ರೆ ತೋಳ ಎಬ್ಬಿಸು ಮತ್ತೆ! ಕುಬಟೂರಿಗೆ ಹೊರಡೋ ತನಕ ನೋಡ್ತೀನಿ,” ಎಂದ ಲೋಕಪ್ಪ.

ಎಬ್ಬಿಸುತ್ತೇನೆ ಎಂದುಕೊಂಡಳು ಗುತ್ಯಮ್ಮ. ಮರುದಿನವೇ ಗಂಡನನ್ನು ಹುಣಸೆಮರದ ನೆರಳಿನಲ್ಲಿ ಮಲಗಿಸಿ, ಕುರಿ ಹೊಡೆದುಕೊಂಡು ತಾನೇ ಹೊರಟಳು. ಮಂದೆ ಕಣ್ಮರೆಯಾದದ್ದೇ ತಡ, ಆತ ಕಂಬಳಿ ಎಳೆದುಕೊಂಡು ಹಿಂದೆಯೇ ಓಡಿಬಂದ. ರಾತ್ರಿ ಕುರಿಗಳು ಹತ್ತಿರವಿದ್ದರೂ ಕತ್ತಲೆ ಮಲಗಗೊಡುವುದಿಲ್ಲ. ಹಗಲು ಬೆಳಕಿದ್ದರೂ ಕುರಿಗಳು ಹತ್ತಿರವಿರುವುದಿಲ್ಲ. ಗುತ್ಯಮ್ಮನಿಗೆ ದಾರಿ ಹೊಳೆದದ್ದು ಆಗಲೇ. ಸೀದಾ ಪರಮಶಿವಪ್ಪನವರ ಅಂಗಳಕ್ಕೆ ಹೋಗಿ, ಹಗಲೂ ಕುರಿಗಳನ್ನು ಗದ್ದೆಯಲ್ಲೇ ನಿಲ್ಲಿಸಿ ಮೇಯಿಸಲು ಹುರುಳಿ ಹೊಟ್ಟು ಕೇಳಿದಳು.

“ಹಗಲು ಮಂದೆ ನಿಲ್ಲಿಸ್ತೀಯಾ? ನಾನು ಹುಟ್ಟಿದಾಗಿನಿಂದ ಕೇಳಿಲ್ಲಲ್ಲ ಇದನ್ನ!” ಅವರು ನಕ್ಕರು.

“ಗೊಬ್ಬರಕ್ಕೆ ಹಗಲು ರಾತ್ರಿ ಗೊತ್ತಾಗ್ತೈತೇನ್ರಿ, ಗೌಡ್ರೇ? ಹೊಟ್ಟು ಕೊಡ್ರಿ, ಎರಡರಷ್ಟು ಗೊಬ್ಬರ ತಗೊಳ್ರಿ.”

ಗೌಡರು ಲೆಕ್ಕದಲ್ಲಿ ಜಾಣರು. ಹೊಟ್ಟಿನ ಗಾಡಿ ಅವಳಿಗಿಂತ ಮೊದಲೇ ಗದ್ದೆ ಮುಟ್ಟಿತು.

ಗದ್ದೆಯ ನಡುವೆ ಕಂಬಳಿ ಹಾಸಿ, ಸುತ್ತಲೂ ಕುರಿಗಳನ್ನು ನಿಲ್ಲಿಸಿ, ಹೊಟ್ಟು ಹರವಿದಳು. ಹಾಡುಹಗಲಲ್ಲಿ ಕುರಿಗಳ ಮಧ್ಯೆ ಮಲಗಲು ದೊಡ್ಡಬೀರಪ್ಪನಿಗೆ ನಾಚಿಕೆ. ಕೂತಲ್ಲೇ ಮಣ್ಣು ಕೆದಕಿದ.

“ಅವತ್ತು ನಾ ಕಣ್ಣು ಮುಚ್ಚಿದ್ದೆ ಕಣೆ, ಗುತ್ಯವ್ವ.”

“ನಾನೂ ಮುಚ್ಚಿದ್ದೆ. ನಿಮ್ ತಮ್ಮ ಗೊರಕೆ ಹೊಡೀತಿದ್ದ. ತೋಳಕ್ಕೆ ಹಸಿವಾಗಿತ್ತು, ಬಂತು. ನಿದ್ದೆ ಬಂದಿದ್ದು ತಪ್ಪೇನ್ರಿ?”

ಅಷ್ಟು ದೊಡ್ಡ ಆಳು ಬಿಕ್ಕಿಬಿಕ್ಕಿ ಅತ್ತ. ಗುತ್ಯಮ್ಮ ಸುಮ್ಮನಿರಿ ಎನ್ನಲಿಲ್ಲ, ಅಳಲು ಬಿಟ್ಟಳು. ಅಳು ನಿಂತ ಮೇಲೆ ಕುರಿಗಳು ಹೊಟ್ಟು ಅಗಿಯುವ ಸದ್ದೊಂದೇ ಉಳಿಯಿತು. ಅದನ್ನು ಕೇಳುತ್ತ ಕೇಳುತ್ತ ಆತನ ಕಣ್ಣು ಎಳೆಯಿತು.

ಒಂದೇ ನಿದ್ದೆಗೆ ಎಲ್ಲ ಸರಿಹೋಯಿತೆಂದಲ್ಲ. ಅಂದು ಸಂಜೆಯೂ ಮರಿಗಳು ಅದಲುಬದಲಾದವು. ಲೋಕಪ್ಪ ಹಣೆ ಚಚ್ಚಿಕೊಂಡ. ಗುತ್ಯಮ್ಮ ಮಾತ್ರ ದಿನವೂ ಹೊಟ್ಟು ಹರವಿದಳು, ಕಂಬಳಿ ಹಾಸಿದಳು. ಎಲೆ ಬಿದ್ದರೆ ಆತ ಬೆಚ್ಚಿಬೀಳುವುದು ನಿಂತಿತು. ಅನ್ನ ರುಚಿಸತೊಡಗಿತು. ಒಮ್ಮೆ ಸಾರಿಗೆ ಉಪ್ಪು ಸಾಲದೆಂದು ಗಂಡ ಬೈದಾಗ ಅವಳಿಗೆ ಹಬ್ಬವೇ ಆಯಿತು.

ಹೊರಡುವ ಹಿಂದಿನ ಸಂಜೆ ಲೋಕಪ್ಪ ಕೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ತಾನೇ ಮರಿ ಬಿಡಲು ನಿಂತ. ಒಂದು ಮರಿಯನ್ನು ಎತ್ತಿ ಬಿಳಿಕಿವಿಯ ಕುರಿಯತ್ತ ನಡೆದ. ಮರಿ ಬ್ಯಾ ಎಂದಿತು.

“ಅದು ಕರಿಮೂತಿದು ಕಣೋ. ಬಿಳಿಕಿವಿಗೆ ಬಿಟ್ಟೀಯ, ಗುದ್ದಿಸ್ಕೊಂಡೀತು!”

ಲೋಕಪ್ಪ ತಿರುಗಿ ನೋಡಿದ. ದೊಡ್ಡಬೀರಪ್ಪ ಮುಖಕ್ಕೆ ಕಂಬಳಿ ಹೊದ್ದು ಮಲಗಿಯೇ ಇದ್ದ. ಕರಿಮೂತಿಗೆ ಬಿಟ್ಟರೆ ಮರಿ ಬಾಲ ಅಲ್ಲಾಡಿಸುತ್ತ ಹಾಲು ಕುಡಿಯಿತು. ಗೂಡು ಖಾಲಿಯಾಗುವ ತನಕ ಕಂಬಳಿಯೊಳಗಿನಿಂದ ಹೆಸರುಗಳು ಬಂದವು. ಒಂದೂ ತಪ್ಪಲಿಲ್ಲ.

ಲೋಕಪ್ಪ ಕೆಟ್ಟವನಲ್ಲ. ಅಣ್ಣನ ಬಳಿ ಬಂದು ಕೋಲು ಚಾಚಿದ. ದೊಡ್ಡಬೀರಪ್ಪ ಕಂಬಳಿ ಸರಿಸಿ ಕೋಲನ್ನು ನೋಡಿದ, ಮುಳುಗುವ ಹೊತ್ತನ್ನೂ ನೋಡಿದ.

“ಬೆಳಿಗ್ಗೆ ಕೊಡು. ಇವತ್ತು ರಾತ್ರಿ ಪಾಳಿ ನಿಂದು. ನಂಗೆ ನಿದ್ದೆ ಬರ್ತೈತೆ.”

ಇಷ್ಟು ದಿನ ಎದೆ ಸೆಟೆಸಿ ನಿಂತಿದ್ದ ಗುತ್ಯಮ್ಮ ಸೆರಗನ್ನು ಬಾಯಿಗೊತ್ತಿಕೊಂಡು ಅತ್ತ ತಿರುಗಿದಳು.

ಮಾರನೆಯ ಬೆಳಿಗ್ಗೆ ಮಂದೆ ಕುಬಟೂರಿನ ದಾರಿ ಹಿಡಿಯಿತು. ಮುಂದೆ ಕೋಲು ಹಿಡಿದು ದೊಡ್ಡಬೀರಪ್ಪ, ಹಿಂದೆ ಆಕಳಿಸುತ್ತ ಲೋಕಪ್ಪ.