ಹದಿನಾಲ್ಕು ಪುಟ

ದಬ್ಬಳಕ್ಕೆ ದಾರ ಪೋಣಿಸಿ, ಹದಿನಾಲ್ಕು ಹಾಳೆಗಳ ಅಂಚು ಸರಿಮಾಡಿ, ಕೇಸಿನ ಕಟ್ಟಿನ ಕೊನೆಗೆ ಸೇರಿಸಿ ಹೊಲಿದೆ. ಮುನ್ಸಿಫ್ ಬದರೀನಾರಾಯಣ ಅವರು ಮೇಜಿನ ಆಚೆ ನಿಂತು ನೋಡುತ್ತಿದ್ದರು. ಮೂರು ಸುತ್ತು ಹಾಕಿ ಹಿಂಬದಿಯಲ್ಲಿ ಗಂಟು ಬಿಗಿದ ಮೇಲೆ ಕೆಂಪು ಶಾಯಿಯಲ್ಲಿ ಪುಟದ ನಂಬರು ಬರೆದೆ. ಇನ್ನೂರ ಒಂದರಿಂದ ಇನ್ನೂರ ಹದಿನಾಲ್ಕು.

ಇದು ನಮ್ಮಪ್ಪನ ಕೆಲಸ. ಅಪ್ಪ ಪುಟ್ಟಬಸವಯ್ಯ ಹೊಸಕಟ್ಟೆ ಕೋರ್ಟಿನ ಜವಾನ. ಕಣ್ಣಿಗೆ ಪೊರೆ ಬಂದ ಮೇಲೆ ಕಟ್ಟು ಹೊಲಿಯುವುದಕ್ಕೆ ನನ್ನನ್ನು ಕರೆತರತೊಡಗಿದ. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವಳಾದರೂ ನನ್ನ ಅಕ್ಷರ ದುಂಡಗಿತ್ತು, ಯಾರೂ ಬೇಡ ಅನ್ನಲಿಲ್ಲ. ಅಪ್ಪ ಹೇಳಿಕೊಟ್ಟಿದ್ದು ಒಂದೇ: ಹೊಲಿದವರೇ ನಂಬರು ಬರೆಯಬೇಕು, ಬರೆದ ನಂಬರನ್ನು ತಿದ್ದಬಾರದು.

ಆ ಹದಿನಾಲ್ಕು ಪುಟ ಬನ್ನೂರು ಕಡೆಯ ಮಲ್ಲಾಜಮ್ಮನ ಕೇಸಿನ ತೀರ್ಪು. ನಾಲೆ ಪಕ್ಕದ ಅವಳ ಒಂದೂವರೆ ಎಕರೆ ಗದ್ದೆಗೆ ಆಳುವ ಪಕ್ಷದ ತಾಲ್ಲೂಕು ಅಧ್ಯಕ್ಷ ಗಂಗಾಧರಸ್ವಾಮಿ ಕಲ್ಲುಕಂಬ ನೆಟ್ಟು, ರೈಸ್‌ಮಿಲ್ ಕಟ್ಟಿಸಲು ಇಟ್ಟಿಗೆ ಇಳಿಸಿದ್ದರು. ಅದು ಎಪ್ಪತ್ತಾರನೇ ಇಸವಿ. ತುರ್ತು ಪರಿಸ್ಥಿತಿ ಬಂದು ವರ್ಷವಾಗಿತ್ತು, ಅಧ್ಯಕ್ಷರ ಜೀಪು ಕೋರ್ಟಿನ ಮುಂದೆ ನಿಂತರೆ ವಕೀಲರೂ ದನಿ ತಗ್ಗಿಸುತ್ತಿದ್ದರು. ಗದ್ದೆ ಮಲ್ಲಾಜಮ್ಮನದೇ ಎಂದು ಮುನ್ಸಿಫರು ಬರೆದಿದ್ದರು. ಅದನ್ನು ಓದಿ ಹೇಳಲು ಸೋಮವಾರ ಗೊತ್ತುಮಾಡಿದ್ದರು. ಶನಿವಾರವೇ ಅವರಿಗೆ ಬೀದರ್ ಕಡೆಗೆ ವರ್ಗವಾಯಿತು, ಅಂದೇ ಹೊರಡಬೇಕೆಂದು ತಂತಿ ಬಂತು.

ಆ ಶನಿವಾರ ನಾನು ಗಂಟು ಬಿಗಿದಾದ ಮೇಲೆ ಅವರು ಹೇಳಿದ್ದು ಇಷ್ಟೇ: "ಬರೆದಾಗಿದೆ, ಸಹಿಯೂ ಆಗಿದೆ. ಓದೋದಕ್ಕೆ ನನಗೆ ದಿನ ಸಿಗಲಿಲ್ಲ. ಮುಂದೆ ಬರೋರು ಓದಲೇಬೇಕಮ್ಮ, ಕಾನೂನು ಹಾಗಿದೆ."

ಸೋಮವಾರ ಕುರ್ಚಿ ಖಾಲಿಯಿತ್ತು. ಅಧ್ಯಕ್ಷರ ವಕೀಲರು ಬೆಳಗ್ಗೆಯೇ ಅರ್ಜಿ ತಂದರು. ಸಾಹೇಬರು ಬದಲಾಗಿದ್ದಾರೆ, ಕೇಸನ್ನು ಮೊದಲಿಂದ ನಡೆಸಬೇಕು ಎಂದು ಅದರಲ್ಲಿತ್ತು. ಕಟ್ಟಿನಲ್ಲಿ ಆಗಲೇ ತೀರ್ಪು ಇದೆಯೆಂದು ಅವರಿಗೆ ಗೊತ್ತಿರಲಿಲ್ಲ. ಶಿರಸ್ತೇದಾರ್ ಅನಂತಪದ್ಮನಾಭಯ್ಯನವರು ಕಟ್ಟು ತೆರೆದು ನೋಡದೆಯೇ ಅರ್ಜಿಯನ್ನು ನನ್ನ ಕಡೆ ತಳ್ಳಿದರು. ನಾನು ಹೊಲಿದು ನಂಬರು ಹಾಕಿದೆ. ಇನ್ನೂರ ಹದಿನೈದು, ಇನ್ನೂರ ಹದಿನಾರು.

ತೀರ್ಪು ಶಿರಸ್ತೇದಾರರ ಕಣ್ಣಿಗೆ ಬಿದ್ದದ್ದು ಬುಧವಾರ. ಅಧ್ಯಕ್ಷರಿಗೆ ಸುದ್ದಿ ಹೋಗಿ, ಅಂದು ಮಧ್ಯಾಹ್ನ ಜೀಪು ಬಂತು. ಅಧ್ಯಕ್ಷರು ಒಳಗೆ ಕೂತು ಕಾಫಿ ತರಿಸಿಕೊಂಡರು. ನಾನು ಬಾಗಿಲ ಪಕ್ಕ ಹಳೆಯ ಕಟ್ಟುಗಳ ಧೂಳು ಒರೆಸುತ್ತಿದ್ದೆ. ನನ್ನಂಥವಳು ಇದ್ದಾಳೆಂದು ಯಾರೂ ಮಾತು ನಿಲ್ಲಿಸುವುದಿಲ್ಲ. ಶಿರಸ್ತೇದಾರರು ಬ್ಲೇಡಿನಲ್ಲಿ ದಾರ ಕತ್ತರಿಸಿ ಹದಿನಾಲ್ಕು ಹಾಳೆ ತೆಗೆದರು. ಜಡ್ಜರ ಸಹಿ ಇದ್ದ ಕಾಗದ ಸುಡುವುದಕ್ಕೆ ಧೈರ್ಯ ಬರಲಿಲ್ಲವೇನೋ, ಬೀರುವಿನ ಕೆಳಗಿನ ಖಾನೆಯಲ್ಲಿ ಹಳೆಯ ರಿಜಿಸ್ಟರುಗಳ ಅಡಿಗೆ ತಳ್ಳಿದರು.

ಆಮೇಲೆ ನನ್ನನ್ನು ಕರೆದು, ಮತ್ತೆ ಹೊಲಿದು ಇನ್ನೂರ ಹದಿನೈದನ್ನು ಇನ್ನೂರ ಒಂದು ಮಾಡು ಎಂದರು. ನಾನು ದಬ್ಬಳ ಹಿಡಿದೆ, ದಾರ ಪೋಣಿಸಲಿಲ್ಲ.

"ನಿಮ್ಮಪ್ಪನಿಗೆ ಇನ್ನೆರಡು ವರ್ಷ ಸರ್ವೀಸ್ ಇದೆ ಕಣಮ್ಮ," ಎಂದರು ಶಿರಸ್ತೇದಾರರು. ಗದರಿಕೊಂಡೇನೂ ಅಲ್ಲ, ಬೇಡಿಕೊಳ್ಳುವ ಹಾಗೆ.

ಅಧ್ಯಕ್ಷರು ನಕ್ಕರು. "ಏನ್ಲಾ ಪುಟ್ಬಸ್ವಯ್ಯ, ಈಗ ನಿನ್ ಮಗಳೇ ಜಡ್ಜಾಗವ್ಳಾ? ಕರಿ ಕೋಟು ಒಲ್ಸಿಕೊಡ್ಲಾ?"

ಅಪ್ಪ ಗೋಡೆಗೆ ಒರಗಿ ನಿಂತಿದ್ದ. ಮುಂದೆ ಬಂದು ಕಟ್ಟನ್ನು ಎತ್ತಿಕೊಂಡು, ಕತ್ತರಿಸಿದ ದಾರದ ಮೇಲೆ ಬೆರಳಾಡಿಸಿದ. "ನೀನು ಕತ್ತರ್ಸಿದ್ದೇನವ್ವ?" ಎಂದು ನನ್ನನ್ನು ಕೇಳಿದ.

"ಇಲ್ಲ ಕಣಪ್ಪ."

"ಅಂಗಾದ್ರೆ ಕತ್ತರ್ಸಿದೋರೇ ಒಲ್ಕೊಳ್ಳಲಿ."

ದಬ್ಬಳವನ್ನು ಮೇಜಿನ ಮೇಲಿಟ್ಟು ಬಂದೆ. ಮನೆಯ ಹತ್ತಿರ ಬಂದಾಗ ಅಪ್ಪ, ನಾಳೆ ಹೊಸ ಮುನ್ಸಿಫರು ಬರುತ್ತಾರಂತೆ, ಬೇಗ ಏಳು ಎಂದ.

ಗುರುವಾರ ಕೋರ್ಟು ತುಂಬಿತ್ತು. ಮಲ್ಲಾಜಮ್ಮ ಮೊದಲ ಬಸ್ಸಿಗೇ ಬಂದು ಕಂಬದ ಪಕ್ಕ ಕೂತಿದ್ದಳು. ಈವತ್ತಾದರೂ ಓದುತ್ತಾರಾ ಎಂದು ನನ್ನನ್ನು ಕೇಳಿದಳು. ಹೊಸ ಮುನ್ಸಿಫರು ಇನ್ನೂ ಮೂವತ್ತು ದಾಟದವರು. ಮೊದಲ ಸಾಲಿನಲ್ಲಿ ಅಧ್ಯಕ್ಷರು ಕಾಲ ಮೇಲೆ ಕಾಲು ಹಾಕಿ ಕೂತಿದ್ದನ್ನು ಅವರು ನೋಡಿದರು, ನೋಡಿ ಕಣ್ಣು ತೆಗೆದರು.

ಮಲ್ಲಾಜಮ್ಮನ ಕೇಸು ಕೂಗಿದರು. ಶಿರಸ್ತೇದಾರರು ತಾವೇ ಹೊಲಿದಿದ್ದ ಕಟ್ಟನ್ನು ಮೇಲಿಟ್ಟರು. ಹೊಲಿಗೆ ಸೊಟ್ಟಗಿತ್ತು. ತೆರೆದಿಟ್ಟ ಅರ್ಜಿಯ ಹಾಳೆಯಲ್ಲಿ ಇನ್ನೂರ ಹದಿನೈದನ್ನು ಗೀಚಿ ಪಕ್ಕದಲ್ಲಿ ಇನ್ನೂರ ಒಂದು ಬರೆದಿದ್ದು ನಾನು ನಿಂತಲ್ಲಿಗೂ ಕಾಣುತ್ತಿತ್ತು. ಕೇಸನ್ನು ಮೊದಲಿಂದ ನಡೆಸಬೇಕೆಂದು ಅಧ್ಯಕ್ಷರ ವಕೀಲರು ಅರಿಕೆ ಮಾಡಿದರು. ಮಲ್ಲಾಜಮ್ಮನ ವಕೀಲರು ಎದ್ದು ಅಧ್ಯಕ್ಷರ ಕಡೆ ಒಮ್ಮೆ ನೋಡಿ, ಆಕ್ಷೇಪಣೆ ಇಲ್ಲ ಎಂದು ಕೂತುಬಿಟ್ಟರು. ಮುನ್ಸಿಫರು ಪೆನ್ನಿನ ಮುಚ್ಚಳ ತೆಗೆದರು.

ಕಟ್ಟು ಹೊಲಿಯಲು ಬಂದ ಎರಡು ವರ್ಷದಲ್ಲಿ ಆ ಕೋರ್ಟ್ ಹಾಲ್‌ನಲ್ಲಿ ನಾನು ಒಂದು ಸಲವೂ ಬಾಯಿ ಬಿಟ್ಟವಳಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕಟಕಟೆಯವರೆಗೂ ನಡೆದೆ. ಯಾರೋ ಹಿಂದಿನಿಂದ, ಏ, ಎಲ್ಲಿಗೆ ಎಂದರು. ಅಪ್ಪ ಬಾಗಿಲಲ್ಲೇ ನಿಂತಿದ್ದ, ನನ್ನನ್ನು ಹಿಂದಕ್ಕೆ ಕರೆಯಲಿಲ್ಲ.

"ಸ್ವಾಮಿ, ಆ ಕಟ್ಟು ಒಲ್ದು ನಂಬರು ಬರ್ದೋಳು ನಾನು. ಇನ್ನೂರರ ಮುಂದೆ ಇನ್ನೂ ಹದ್ನಾಲ್ಕು ಪುಟ ಇದ್ದೋ. ಮೊದ್ಲಿದ್ದ ಸಾಹೇಬರು ಸಹಿ ಮಾಡಿರೋ ತೀರ್ಪು ಅದು. ಅಲ್ಲಿ, ಬೀರು ಕೆಳ್ಗಿನ ಖಾನೆಲವೆ."

ಶಿರಸ್ತೇದಾರರು ನೆಲ ನೋಡಿದರು. ಅಧ್ಯಕ್ಷರ ಕಾಲು ಕೆಳಗಿಳಿಯಿತು. ಮುನ್ಸಿಫರ ಪೆನ್ನು ಕಾಗದಕ್ಕೆ ತಾಗದೆ ಹಾಗೇ ನಿಂತಿತ್ತು.

"ತರ್ಸಿ ಓದಿ, ಸ್ವಾಮಿ," ಎಂದೆ.