ಚಿಕ್ಕಮುನಿಯಮ್ಮನವರ ಗಸಗಸೆ ಪಾಯಸ

ಜೈಲು ಬೇಕೋ ಆಸ್ಪತ್ರೆ ಬೇಕೋ ಎಂದು ಕೋರ್ಟು ಕೇಳಿದರೆ ಉತ್ತರಕ್ಕೆ ಹೆಚ್ಚು ತಡಕಾಡಬೇಕಾಗಿಲ್ಲ. ಆದರೂ ಭೀಮಾಶಂಕರ ಒಮ್ಮೆ ಮ್ಯಾಜಿಸ್ಟ್ರೇಟರನ್ನು, ಒಮ್ಮೆ ಬಾಗಿಲನ್ನು ನೋಡುತ್ತಾ ನಿಂತ. ವಕೀಲ ಜಿಯಾವುಲ್ಲಾ ಹಿಂದಿನಿಂದ ಅವನ ಅಂಗಿ ಜಗ್ಗಿ, "ಆಸ್ಪತ್ರೆ ಅನ್ನೋ ಮಾರಾಯ, ಇದೇನು ಹೋಟ್ಲಾ, ಮೆನು ನೋಡೋಕೆ?" ಎಂದು ಪಿಸುಗುಟ್ಟಿದ ಮೇಲೆ, "ಆಸ್ಪತ್ರಿ ರೀ" ಎಂದ.

ಅವನ ಜೇಬಿನಲ್ಲಿ ಪೊಲೀಸರಿಗೆ ಸಿಕ್ಕಿದ್ದು ಎರಡು ಸಣ್ಣ ಪೊಟ್ಟಣ ಬ್ರೌನ್ ಶುಗರ್, ಅಫೀಮಿನಿಂದ ಮಾಡುವ ಪುಡಿ. ಮಾರುವಷ್ಟಲ್ಲ, ಸೇದುವಷ್ಟು. ಅಂಥವರು ತಪ್ಪೊಪ್ಪಿಕೊಂಡರೆ ಒಳಗೆ ಹಾಕುವ ಬದಲು ಚಿಕಿತ್ಸೆಗೆ ಕಳಿಸಲು ಕಾನೂನಿನಲ್ಲಿ ಒಂದು ಕಲಮು ಇದೆ. ಅದು ಇರುವುದು ಗೊತ್ತಿರುವ ವಕೀಲರು ಕಡಿಮೆ. ಜಿಯಾವುಲ್ಲಾನಿಗೆ ಗೊತ್ತಿತ್ತು, ಅವನ ಹತ್ತಿರ ಕೇಸುಗಳು ಕಡಿಮೆ ಇದ್ದುದರಿಂದ ಪುಸ್ತಕ ಓದಲು ಪುರುಸೊತ್ತಿತ್ತು. ಷರತ್ತು ಮೂರು: ಆರು ತಿಂಗಳು ಚಿಕಿತ್ಸೆ, ಪ್ರತಿ ಸೋಮವಾರ ಮೂತ್ರ ಪರೀಕ್ಷೆ, ಮತ್ತು ಊರಲ್ಲಿ ಸ್ವಂತ ಮನೆಯಿರುವ ಒಬ್ಬರ ಜಾಮೀನು. ಪರೀಕ್ಷೆಯಲ್ಲಿ ಒಮ್ಮೆ ಸಿಕ್ಕಿಬಿದ್ದರೂ ಪರಪ್ಪನ ಅಗ್ರಹಾರ ಜೈಲು.

ಯಾದಗಿರಿ ಕಡೆಯಿಂದ ಬಂದು ಲಿಂಗರಾಜಪುರದ ವಠಾರದಲ್ಲಿ ಒಂದು ರೂಮು ಹಿಡಿದಿರುವ ತಾಯಿ ಜಟ್ಟೆಮ್ಮ, ಮಗ ಭೀಮು, ಇವರಿಗೆ ಸ್ವಂತ ಮನೆಯವರು ಯಾರು ಗೊತ್ತು? ಮನೆ ಮಾಲೀಕರೇ ಗೊತ್ತು. ಮಾಲೀಕ ಅಂಜನಮೂರ್ತಿ, "ಅದೆಲ್ಲಾ ಆಗಲ್ಲಮ್ಮ, ನಾಳೆ ಇವ್ನು ಓಡೋದ್ರೆ ನಾನು ಕೋರ್ಟು ಸುತ್ತಬೇಕಾ?" ಎಂದು ಬಾಗಿಲು ಹಾಕಿಕೊಂಡರು. ಒಳಗಿನಿಂದ ಹೆಂಡತಿ ಚಿಕ್ಕಮುನಿಯಮ್ಮನವರ ದನಿ ಹತ್ತು ನಿಮಿಷ ಕೇಳಿಸಿತು. ಆಮೇಲೆ ಬಾಗಿಲು ತೆರೆಯಿತು. ಅಂಜನಮೂರ್ತಿ ಮನೆಪತ್ರ ಹಿಡಿದು ಚಪ್ಪಲಿ ಹುಡುಕುತ್ತಿದ್ದರು.

ಆಸ್ಪತ್ರೆಯಲ್ಲಿ ಮೂರು ವಾರ ಮಲಗಿಸಿ ಮನೆಗೆ ಕಳಿಸಿದರು. ಮೈಕೈ ನೋವು ಹೋಯಿತು. ನಿದ್ದೆ ಮಾತ್ರ ವಾಪಸ್ಸು ಬರಲಿಲ್ಲ. ಕುಕ್ ಟೌನಿನ ಬಂಗಲೆಗಳಲ್ಲಿ ಪಾತ್ರೆ ತಿಕ್ಕಿ ಬಂದು ಸುಸ್ತಾಗಿ ಬಿದ್ದುಕೊಳ್ಳುವ ಜಟ್ಟೆಮ್ಮನಿಗೆ ಮಗ ಗೋಡೆಗೊರಗಿ ಕೂತಿರುವುದೇ ಸಂಕಟ. ಅದನ್ನು ನಲ್ಲಿಯ ಹತ್ತಿರ ಚಿಕ್ಕಮುನಿಯಮ್ಮನವರಿಗೆ ಹೇಳಿಕೊಂಡಳು.

"ನಿದ್ದೆ ಬರಲ್ವಾ? ಅಷ್ಟೇನಾ?" ಎಂದರು ಚಿಕ್ಕಮುನಿಯಮ್ಮ. "ಅದಕ್ಕೆ ಡಾಕ್ಟ್ರು ಯಾಕಮ್ಮ, ಗಸಗಸೆ ಪಾಯಸ ಕೊಟ್ರೆ ಗೊರಕೆ ಹೊಡೀತಾನೆ. ನಮ್ಮನೇವ್ರನ್ನ ನೋಡು, ಹಬ್ಬದ ದಿನ ಎರಡು ಲೋಟ ಕುಡಿದ್ರೆ ಸಾಯಂಕಾಲ ಎಬ್ಬಿಸೋಕೆ ಆಳು ಬೇಕು."

ಗಸಗಸೆಯನ್ನು ಬಿಸಿ ಮಾಡಿ, ಅಕ್ಕಿ ಕೊಬ್ಬರಿಯೊಂದಿಗೆ ನುಣ್ಣಗೆ ರುಬ್ಬಿ, ಬೆಲ್ಲದಲ್ಲಿ ಕುದಿಸಿ, ಏಲಕ್ಕಿ ಹಾಕುವ ಅವರ ಕೈಯ ಪಾಯಸಕ್ಕೆ ಆ ಬೀದಿಯಲ್ಲಿ ಹೆಸರಿತ್ತು. ಲಿಂಗರಾಜಪುರ ಇನ್ನೂ ಹಳ್ಳಿಯಾಗಿದ್ದಾಗ ಅವರ ಅತ್ತೆಗಿದ್ದ ಹೆಸರು ಅದು. ಮನೆಯ ಜೊತೆ ಬಂದಿತ್ತು. ಗಸಗಸೆಯೂ ಬ್ರೌನ್ ಶುಗರೂ ಒಂದೇ ಗಿಡದ ಮಕ್ಕಳು ಎಂದು ಅವರಿಗೆ ಹೇಳಿದ್ದರೆ ಹೇಳಿದವರ ಬಾಯಿಗೆ ಸೌಟು ಬೀಳುತ್ತಿತ್ತು. ಅಂತೂ ದಿನಾ ಸಂಜೆ ದೊಡ್ಡ ಸ್ಟೀಲ್ ಲೋಟದಲ್ಲಿ ಪಾಯಸ ಬರತೊಡಗಿತು.

ಭೀಮು ಮೊದಲ ದಿನ ಒಂದು ಗುಟುಕು ಕುಡಿದ. ಆ ಸಿಹಿ ಅವನಿಗೆ ಹಿಡಿಸಲಿಲ್ಲ. ಜಾಮೀನು ಕೊಟ್ಟವರ ಪಾಯಸವನ್ನು ಬೇಡ ಎನ್ನುವುದು ಹೇಗೆ? ಮರುದಿನದಿಂದ ಲೋಟ ಹಿಡಿದು ವಠಾರದ ಬಚ್ಚಲಿಗೆ ಹೋಗಿ ಮೋರಿಗೆ ಸುರಿದು, ಲೋಟ ತೊಳೆದು ವಾಪಸ್ಸು ಕೊಡತೊಡಗಿದ. "ನೋಡ್ರೀ, ತೊಳೆದು ಕೊಡ್ತಾನೆ ಹುಡುಗ. ನೀವು ನಲವತ್ತು ವರ್ಷದಲ್ಲಿ ಒಂದು ಲೋಟ ತೊಳೆದಿದೀರಾ?" ಎಂದು ಚಿಕ್ಕಮುನಿಯಮ್ಮ ಗಂಡನಿಗೆ ಹೇಳಿದರು.

ಹನ್ನೊಂದು ಸೋಮವಾರ ಪರೀಕ್ಷೆ ಚೊಕ್ಕಟವಾಗಿ ಬಂತು. ಹನ್ನೆರಡನೆಯದರ ಹಿಂದಿನ ಶನಿವಾರ ಹುಲಿಗೆಪ್ಪ ಸಿಕ್ಕಿದ.

ಇಬ್ಬರೂ ಒಂದೇ ಊರಿನವರು. ಇಂದಿರಾನಗರದ ಅಪಾರ್ಟ್‌ಮೆಂಟುಗಳಿಗೆ ಹೊರಗಿನಿಂದ ಹಗ್ಗದಲ್ಲಿ ನೇತಾಡುತ್ತಾ ಬಣ್ಣ ಬಳಿಯುವ ಕೆಲಸದವರು. ಹತ್ತನೇ ಮಹಡಿಯ ಎತ್ತರದಲ್ಲಿ ಭೀಮುವಿನ ಕಾಲು ನಡುಗುತ್ತಿದ್ದಾಗ, ಅದನ್ನು ನಿಲ್ಲಿಸುವ ಮದ್ದು ಎಂದು ಮೊದಲ ಪೊಟ್ಟಣ ಕೊಟ್ಟವನೂ ಹುಲಿಗೆಪ್ಪನೇ. ಕಾಲು ನಿಜಕ್ಕೂ ನಿಂತಿತ್ತು.

"ಏನಲೇ, ಮುನಿ ಆಗೀಯಂತಲ್ಲ?" ಎಂದ ಹುಲಿಗೆಪ್ಪ. "ಹನ್ನೊಂದು ವಾರ! ನಿನಗೊಂದು ಮಠ ಕಟ್ಟಿಸ್ಬೇಕು ನೋಡು."

"ಬ್ಯಾಡೋ. ಸೋಮವಾರ ಪರೀಕ್ಷಾ ಐತಿ."

"ಇವತ್ತು ಶನಿವಾರ ಐತಿ."

ಭೀಮು ಅವನ ಹಿಂದೆ ಹೋದ. ರೈಲ್ವೆ ಗೋಡೆಯ ಪಕ್ಕದಲ್ಲಿ ಕೂತು ಸೇದಿದ. ಆ ದಿನ ಮನೆಗೆ ಬಂದು ಮಗುವಿನ ಹಾಗೆ ಮಲಗಿದ. ಜಟ್ಟೆಮ್ಮ ಪಾಯಸಕ್ಕೆ ಕೈಮುಗಿದಳು.

ಸೋಮವಾರ ಆಸ್ಪತ್ರೆಯ ಆಪ್ತಸಲಹೆಗಾರ್ತಿ ರಮ್ಯ ಮೂತ್ರದಲ್ಲಿ ಅದ್ದಿದ ಕಾಗದದ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಇನ್ನೊಂದು ಪಟ್ಟಿ ಹಾಕಿ ನೋಡಿದಳು. ಆಮೇಲೆ ಭೀಮುವನ್ನೂ ಜಟ್ಟೆಮ್ಮನನ್ನೂ ಕೂರಿಸಿ, "ಪಾಸಿಟಿವ್ ಬಂದಿದೆ" ಎಂದಳು.

ಜಟ್ಟೆಮ್ಮ ಮಗನ ಬೆನ್ನಿಗೆ ಒಂದು ಗುದ್ದಿದಳು. "ಹಾಳಾಗಿ ಹೋದೇನಲೇ! ಅವ್ರ ಮನಿ ಕಾಗದ ಒತ್ತಿ ಇಟ್ಟಾರ ನಿನಗಾಗಿ!"

"ಹೊಡೀಬೇಡಿ ಅಮ್ಮಾ, ಇಲ್ಲಿ ಹೊಡೆಯೋ ಹಾಗಿಲ್ಲ," ಎಂದು ರಮ್ಯ ಫಾರಂ ತೆಗೆದಳು. "ಭೀಮಾಶಂಕರ, ನಾನು ಕೇಳ್ಲೇಬೇಕು. ಈ ವಾರ ಕೆಮ್ಮಿನ ಔಷಧ ಏನಾದ್ರೂ ತಗೊಂಡ್ರಾ? ನೋವಿನ ಮಾತ್ರೆ? ಗಸಗಸೆ ಹಾಕಿದ ಅಡುಗೆ?"

ಭೀಮು ನಿಜ ಹೇಳಲೆಂದೇ ಬಾಯಿ ತೆರೆದಿದ್ದ. ಅಷ್ಟರಲ್ಲಿ ಜಟ್ಟೆಮ್ಮ ಕುರ್ಚಿಯಿಂದ ಎದ್ದೇಬಿಟ್ಟಳು.

"ಗಸಗಸಿ ಅಂದ್ರೇನ್ರೀ? ನಮ್ಮ ಮನಿ ಅಮ್ಮಾರು ದಿನಾ ಪಾಯಸ ಮಾಡಿ ಕೊಡ್ತಾರಲ್ರೀ! ಇಷ್ಟುದ್ದ ಲೋಟ! ಅದರಿಂದ ಹಿಂಗ ಬರ್ತದೇನ್ರೀ?"

"ಬರಬಹುದು," ಎಂದಳು ರಮ್ಯ. "ದಿನಾ ಅಷ್ಟೊಂದು ಕುಡಿದ್ರೆ ಬರಬಹುದು. ಒಂದೊಂದ್ಸಲ ತಂದ ಗಸಗಸೇಲಿ ಅಂಶ ಜಾಸ್ತಿ ಇರತ್ತೆ. ಕುಡಿತಿದ್ರಾ?"

ಭೀಮು ಬಾಯಿ ಮುಚ್ಚಿಕೊಂಡು ಹೌದೆಂದು ತಲೆಯಾಡಿಸಿದ. ಒಂದು ತಲೆಯಾಡಿಸುವಿಕೆ ಎಷ್ಟು ಹಗುರ ಎಂದು ಅವನಿಗೇ ಆಶ್ಚರ್ಯವಾಯಿತು.

ರಮ್ಯ ಫಾರಂನಲ್ಲಿ ಒಂದು ಗುರುತು ಹಾಕಿದಳು. ನಂಬಿದ್ದಳೋ ಇಲ್ಲವೋ ಹೇಳುವುದು ಕಷ್ಟ. ಆಪ್ತಸಲಹೆಗಾರರ ಕುರ್ಚಿಯಲ್ಲಿ ಕೂತವರ ಮುಖ ಹಾಗಿರಲೇಬೇಕು. "ಫಲಿತಾಂಶ ಕೋರ್ಟಿಗೆ ಕಳಿಸಲೇಬೇಕು. ಪಾಯಸದ ವಿಷಯಾನೂ ಬರೀತೀನಿ. ಪಾಯಸ ನಿಲ್ಸಿ. ಶುಕ್ರವಾರ ಮತ್ತೆ ಪರೀಕ್ಷೆ."

ಸಂಜೆ ಚಿಕ್ಕಮುನಿಯಮ್ಮ ಲೋಟ ಹಿಡಿದು ಬಂದಾಗ ಜಟ್ಟೆಮ್ಮ ಹೊಸ್ತಿಲಲ್ಲೇ ತಡೆದಳು. ಐದು ವರ್ಷದಲ್ಲಿ ಆ ಮನೆಯಾಕೆಗೆ ಅವಳು ಎದುರು ಮಾತಾಡಿದವಳಲ್ಲ.

"ನಿಮ್ಮ ಪಾಯಸ ನನ್ನ ಮಗನ್ನ ಜೈಲಿಗೆ ಹಾಕ್ತದರೀ ಅಮ್ಮಾ! ಅದರಾಗ ಆ ಹಾಳು ಪುಡೀದ ಅಂಶ ಐತಂತ. ಯಾಕ ಕೊಟ್ರಿ? ಕೇಳಿದ್ವೇನು ನಾವು?"

ಇಡೀ ವಠಾರ ಬಾಗಿಲಿಗೆ ಬಂತು. ಚಿಕ್ಕಮುನಿಯಮ್ಮ ಲೋಟ ಹಿಡಿದು ಹಾಗೇ ನಿಂತರು. ಜಟ್ಟೆಮ್ಮನ ಮಾತು ಮುಗಿಯುವವರೆಗೆ ಕೇಳಿದರು. ಒಳಗೆ ಗೋಡೆಗೊರಗಿದ್ದ ಭೀಮುವನ್ನು ನೋಡಿದರು. ಆಮೇಲೆ ಕತ್ತು ತಿರುಗಿಸಿ ಬಚ್ಚಲ ಕಡೆಗೊಮ್ಮೆ ನೋಡಿದರು.

"ಕೋರ್ಟು ಯಾವತ್ತಮ್ಮಾ?" ಎಂದರು.

"ಬರೋ ಮಂಗಳವಾರ್ರೀ."

"ನಾನೇ ಬರ್ತೀನಿ."

ಭೀಮು ಆಗ ಎದ್ದು ಎರಡು ಮಾತು ಹೇಳಿದ್ದರೆ ಸಾಕಿತ್ತು. ಹೇಳಿದರೆ ಮಂಗಳವಾರ ಅಗ್ರಹಾರ. ಅವನು ಏಳಲಿಲ್ಲ. ನಾಲ್ಕು ದಿನ ರೂಮಿನಿಂದ ಹೊರಗೆ ಕಾಲಿಡಲಿಲ್ಲ. ಹುಲಿಗೆಪ್ಪನ ಫೋನು ಬಂದರೆ ಜಟ್ಟೆಮ್ಮನೇ ಎತ್ತಿ ಬೈದಳು. ಶುಕ್ರವಾರದ ಪರೀಕ್ಷೆ ಚೊಕ್ಕಟವಾಗಿ ಬಂತು, ಮುಂದಿನ ಸೋಮವಾರದ್ದೂ. ಪಾಯಸ ನಿಂತಿತು, ಫಲಿತಾಂಶ ಸರಿಹೋಯಿತು ಎಂದರೆ ತಪ್ಪು ಪಾಯಸದ್ದೇ ಎಂದು ವಠಾರ ತೀರ್ಮಾನಿಸಿತು. ಯಾರೋ ಚಿಕ್ಕಮುನಿಯಮ್ಮನವರಿಗೆ "ಏನಮ್ಮಾ, ಡ್ರಗ್ಸ್ ಅಂಗಡಿ ಮುಚ್ಚಿದ್ರಾ?" ಎಂದೂ ಕೇಳಿದರು.

ಮಂಗಳವಾರ ಚಿಕ್ಕಮುನಿಯಮ್ಮ ರೇಷ್ಮೆ ಸೀರೆ ಉಟ್ಟು ಕೋರ್ಟಿಗೆ ಬಂದರು. ಸರ್ಕಾರಿ ವಕೀಲರು ವರದಿ ಓದಿ ನಕ್ಕರು. "ಸ್ವಾಮಿ, ಇವತ್ತು ಪಾಯಸ ಅಂದಿದ್ದಕ್ಕೆ ಒಪ್ಪಿದ್ರೆ, ನಾಳೆಯಿಂದ ಈ ಕೋರ್ಟಿನ ಆರೋಪಿಗಳೆಲ್ಲಾ ಹಬ್ಬ ಮಾಡ್ತಾರೆ."

ಮ್ಯಾಜಿಸ್ಟ್ರೇಟರು ನಗಲಿಲ್ಲ. ಚಿಕ್ಕಮುನಿಯಮ್ಮನವರನ್ನು ಕಟಕಟೆಗೆ ಕರೆದರು.

"ಪಾಯಸ ಮಾಡಿದ್ದು ನೀವೇನಮ್ಮಾ?"

"ನಾನೇ ಸ್ವಾಮಿ. ನಮ್ಮತ್ತೆ ಕಲಿಸಿದ್ದು."

"ಈ ಹುಡುಗನಿಗೆ ಕೊಟ್ಟವರು?"

"ನಾನೇ. ದಿನಾ ಒಂದು ಲೋಟ. ಆ ಶನಿವಾರಾನೂ ಕೊಟ್ಟೆ, ಭಾನುವಾರಾನೂ ಕೊಟ್ಟೆ. ಅದ್ರಲ್ಲಿ ಇಂಥದ್ದಿರತ್ತೆ ಅಂತ ಗೊತ್ತಿರ್ಲಿಲ್ಲ ಸ್ವಾಮಿ. ತಪ್ಪಾಯ್ತು."

ಕೈಮುಗಿದಾಗ ಅವರ ಬಳೆಗಳ ಸದ್ದು ಕೊನೆಯ ಬೆಂಚಿಗೂ ಕೇಳಿಸಿತು. ಮ್ಯಾಜಿಸ್ಟ್ರೇಟರು ಮೂರೂ ಫಲಿತಾಂಶಗಳನ್ನು ನೋಡಿ, ಚಿಕಿತ್ಸೆ ಮುಂದುವರಿಯಲಿ ಎಂದರು. ಇನ್ನೊಮ್ಮೆ ಹೀಗಾದರೆ ಯಾವ ಕಾರಣವನ್ನೂ ಕೇಳುವುದಿಲ್ಲ ಎಂದೂ ಬರೆಸಿದರು. ಹೊರಗೆ ಜಿಯಾವುಲ್ಲಾ, "ಅಮ್ಮಾ, ನೀವು ಲಾ ಓದಬೇಕಿತ್ತು" ಎಂದ. ಜಟ್ಟೆಮ್ಮ ಮೆಟ್ಟಿಲ ಮೇಲೇ ಅವರ ಕಾಲು ಹಿಡಿಯಲು ಬಗ್ಗಿದಳು. "ಬಿಡಮ್ಮ, ಸೀರೆ ಕೊಳೆಯಾಗತ್ತೆ," ಎಂದರು ಚಿಕ್ಕಮುನಿಯಮ್ಮ.

ಅಂದು ಸಂಜೆ ಜಟ್ಟೆಮ್ಮ ಕೆಲಸಕ್ಕೆ ಹೋಗಿದ್ದಾಗ ಭೀಮು ಮಾಲೀಕರ ಬಾಗಿಲಿಗೆ ಬಂದ. ಅಂಜನಮೂರ್ತಿ ಟಿವಿ ಮುಂದೆ ನಿದ್ದೆಹೋಗಿದ್ದರು. ಚಿಕ್ಕಮುನಿಯಮ್ಮ ಅವರೆಕಾಯಿ ಬಿಡಿಸುತ್ತಿದ್ದರು.

"ಅಮ್ಮಾರ," ಎಂದು ಶುರು ಮಾಡಿದ. "ನಾ ಆ ಪಾಯಸ ಕುಡಿದೇ ಇಲ್ರೀ. ಮೊದಲ ದಿನ ಒಂದು ಗುಟುಕು, ಅಷ್ಟ."

"ಗೊತ್ತು ಕಣಪ್ಪ."

ಅವನಿಗೆ ಅರ್ಥವಾಗಲಿಲ್ಲ.

"ಬಚ್ಚಲು ತೊಳೆಯೋದು ಯಾರು ಅಂದ್ಕೊಂಡಿದೀಯ? ಮೋರಿ ಸುತ್ತ ಬೆಳಗಾದ್ರೆ ಇರುವೆ ಸಾಲು. ಮೂರು ತಿಂಗಳಿಂದ. ಬೆಲ್ಲ ಸುರಿದ್ರೆ ಬರದೆ ಇನ್ನೇನಾಗತ್ತೆ? ಇಷ್ಟ ಇಲ್ಲ ಅನ್ನೋಕೆ ಹುಡುಗ ನಾಚ್ಕೊತಾನೆ ಅಂತ ಸುಮ್ನಿದ್ದೆ. ಲೋಟ ತೊಳೆದು ಕೊಡೋನಲ್ವಾ ಅಂತ ಮಾಡ್ತಾನೂ ಇದ್ದೆ." ಅವರು ತಲೆಯೆತ್ತಲಿಲ್ಲ. "ಆವತ್ತು ನಿಮ್ಮಮ್ಮ ಬಂದು ಕಿರುಚಿದಾಗ ತಿಳೀತು. ಪಾಯಸ ಇರುವೆ ಕುಡೀತು. ನೀನು ಬೇರೆ ಏನೋ ಕುಡಿದಿದ್ದೆ."

"ಮತ್ತ ಕೋರ್ಟಿನ್ಯಾಗ..."

"ನಾನೇನ್ ಸುಳ್ಳು ಹೇಳಿದೆ? ಮಾಡಿದ್ದು ನಾನೇ, ಕೊಟ್ಟಿದ್ದೂ ನಾನೇ. ಅವ್ನು ಕುಡಿದ್ನಾ ಅಂತ ಅವ್ರು ಕೇಳ್ಲಿಲ್ಲ. ಕೇಳಿದ್ರೆ ಏನಂತಿದ್ದೆ ಅಂತ ನಂಗೂ ಗೊತ್ತಿಲ್ಲ. ಆ ಜಡ್ಜು ಬಾಯಿ ತೆರೆದಾಗೆಲ್ಲಾ ದೇವ್ರನ್ನ ನೆನೀತಿದ್ದೆ."

ಭೀಮು ನೆಲ ನೋಡುತ್ತಾ ನಿಂತ. ಅಳು ಬರುತ್ತದೆ ಎಂದುಕೊಂಡ, ಬರಲಿಲ್ಲ. ಬಂದದ್ದು ಕಾಲಿನ ನಡುಕ, ಹತ್ತನೇ ಮಹಡಿಯ ಹಗ್ಗದಲ್ಲಿ ಬರುತ್ತಿತ್ತಲ್ಲ, ಅದೇ.

ಚಿಕ್ಕಮುನಿಯಮ್ಮ ಮೊರವನ್ನು ಪಕ್ಕಕ್ಕಿಟ್ಟು ಎದ್ದು ಒಳಗೆ ಹೋದರು. ಬರುವಾಗ ಕೈಯಲ್ಲೊಂದು ಹಳೆಯ ಹಿತ್ತಾಳೆ ಡಬ್ಬಿ. ಮುಚ್ಚಳ ತೆಗೆದು ಅವನ ಮುಂದೆ ಹಿಡಿದರು. ತಳ ಬರಿದಾಗಿತ್ತು, ತೊಳೆದು ಒರೆಸಿ ಇಟ್ಟಿದ್ದರು.

"ಗಸಗಸೆ ಡಬ್ಬಿ. ಅತ್ತೆ ಕಾಲದ್ದು. ಇದ್ದದ್ದನ್ನೆಲ್ಲಾ ಚೆಲ್ಲಿಬಿಟ್ಟೆ. ಇನ್ನು ಈ ಮನೆಯಲ್ಲಿ ಆ ಪಾಯಸ ಇಲ್ಲ, ಹಬ್ಬಕ್ಕೂ ಇಲ್ಲ. ನಮ್ಮನೇವ್ರಿಗೆ ಇನ್ನೂ ಹೇಳಿಲ್ಲ." ಮುಚ್ಚಳ ಹಾಕಿದರು. "ಇನ್ನೊಂದ್ಸಲ ಪರೀಕ್ಷೇಲಿ ಅದು ಬಂತು ಅಂದ್ರೆ ನನ್ ಹತ್ರ ಹೇಳೋಕೆ ಏನೂ ಇಲ್ಲಪ್ಪ. ಸೋಮವಾರ ಅಲ್ವಾ ಪರೀಕ್ಷೆ?"

"ಸೋಮವಾರ್ರೀ."

"ಇವತ್ತು ಮಂಗಳವಾರ," ಎಂದು ಅವರು ಮತ್ತೆ ಕೂತು ಮೊರ ಎಳೆದುಕೊಂಡರು.

ಭೀಮು ಬೆರಳು ಮಡಿಸಿ ದಿನ ಎಣಿಸಿದ. ನಡುವೆ ಒಂದು ಶನಿವಾರ ಇತ್ತು. ಹೋಗಲು ತಿರುಗಿದವನು ಹೋಗದೆ, ಹೊಸ್ತಿಲ ಈಚೆಗೆ ಕೂತು, ಮೊರದಿಂದ ಒಂದು ಹಿಡಿ ಅವರೆಕಾಯಿ ತೆಗೆದುಕೊಂಡ. ಬಿಡಿಸಿ ಅಭ್ಯಾಸವಿಲ್ಲದ್ದರಿಂದ ಅರ್ಧ ಕಾಳು ನೆಲಕ್ಕೆ ಬೀಳುತ್ತಿದ್ದವು. ಚಿಕ್ಕಮುನಿಯಮ್ಮ ಅವನ್ನು ಒಂದೊಂದಾಗಿ ಹೆಕ್ಕಿ ಪಾತ್ರೆಗೆ ಹಾಕುತ್ತಾ ಹೋದರು.